ಡ್ರಮ್ ಇಲ್ಲದ ಲಯ: ಬ್ಲೂಗ್ರಾಸ್ ಮೇಳದ ಐವರು ಮತ್ತು ಅವರ ಬೇರುಗಳು

ಪ್ರಶ್ನೆ: ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿರುವ ಮಗನ ಮನೆಗೆ ಹೋಗಿದ್ದಾಗ ‘ಬ್ಲೂಗ್ರಾಸ್’ ಎಂಬ ಸಂಗೀತ ಕೇಳಿದೆವು. ಐದು ಜನ ಒಂದೇ ಮೈಕಿನ ಸುತ್ತ ನಿಂತು ಹಾಡುತ್ತ ನುಡಿಸುತ್ತಿದ್ದರು. ಡ್ರಮ್ ಇರಲಿಲ್ಲ, ಆದರೂ ಲಯ ಗಟ್ಟಿಯಾಗಿತ್ತು. ಆ ಐವರಲ್ಲಿ ಯಾರ ಕೆಲಸ ಏನು? ಈ ಸಂಗೀತದ ಮೂಲ ಯಾವುದು? ಮೈಸೂರಿನಲ್ಲಿ ನಾವು ಮೂವರು ಗೆಳೆಯರು ಗಿಟಾರ್, ಕರ್ನಾಟಕ ಶೈಲಿಯ ಪಿಟೀಲು ಮತ್ತು ಮ್ಯಾಂಡೊಲಿನ್ ನುಡಿಸುತ್ತೇವೆ. ನಾವು ಇದನ್ನು ನುಡಿಸಬಹುದೆ? ಎಲ್ಲಿಂದ ಶುರು ಮಾಡಬೇಕು?

ಉತ್ತರ: ಡ್ರಮ್ ಇಲ್ಲದೆಯೂ ಲಯ ಗಟ್ಟಿಯಾಗಿತ್ತು ಎಂದು ಬರೆದಿದ್ದೀರಿ. ನಿಮ್ಮ ಕಿವಿ ಸರಿಯಾದ ಜಾಗಕ್ಕೇ ಹೋಗಿದೆ. ಬ್ಲೂಗ್ರಾಸ್‌ನಲ್ಲಿ ತಾಳವಾದ್ಯದ ಕೆಲಸವನ್ನು ಐದು ತಂತಿವಾದ್ಯಗಳು ಹಂಚಿಕೊಂಡಿರುತ್ತವೆ. ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸುತ್ತ ಕೇಳಿ. ಒಂದಕ್ಕೂ ಮೂರಕ್ಕೂ ದೊಡ್ಡ ಬಾಸ್ ‘ದುಂ’ ಎನ್ನುತ್ತದೆ. ಎರಡಕ್ಕೂ ನಾಲ್ಕಕ್ಕೂ ಮ್ಯಾಂಡೊಲಿನ್ ‘ಚಕ್’ ಎಂದು ಕತ್ತರಿಸುತ್ತದೆ. ಇವೆರಡನ್ನೂ ಸೇರಿಸಿ ಹೊಲಿಯುವುದು ಗಿಟಾರ್: ಒಂದು-ಮೂರಕ್ಕೆ ದಪ್ಪ ತಂತಿಯ ಒಂಟಿ ಸ್ವರ, ಎರಡು-ನಾಲ್ಕಕ್ಕೆ ತೆಳು ತಂತಿಗಳ ಮೇಲೆ ಒಂದು ಬೀಸು. ಬ್ಯಾಂಜೊ ಒಂದೊಂದು ಎಣಿಕೆಗೆ ಎರಡರಂತೆ ಪ್ರತಿ ಸುತ್ತಿನಲ್ಲಿ ಎಂಟು ಸ್ವರ ಉದುರಿಸುತ್ತದೆ. ಪಿಟೀಲು ಹಾಡಿನ ಸಾಲುಗಳ ನಡುವಿನ ಖಾಲಿ ಜಾಗವನ್ನು ತುಂಬುತ್ತದೆ, ಇಲ್ಲವೆ ಕಮಾನನ್ನು ತಂತಿಯ ಮೇಲೆ ಕುಟ್ಟಿ ಮ್ಯಾಂಡೊಲಿನ್ ಜೊತೆಗೆ ತಾನೂ ‘ಚಕ್’ ಎನ್ನುತ್ತದೆ.

ಪ್ರತಿಯೊಬ್ಬರಿಗೂ ಎರಡು ಕೆಲಸ. ತಮ್ಮ ಸರದಿ ಬಂದಾಗ ಮೈಕಿನ ಹತ್ತಿರ ಬಂದು ಹಾಡಿನ ಮಟ್ಟನ್ನು ತಮ್ಮದೇ ರೀತಿಯಲ್ಲಿ ನುಡಿಸುತ್ತಾರೆ. ಅದಕ್ಕೆ ‘ಬ್ರೇಕ್’ ಎನ್ನುತ್ತಾರೆ. ಮೂರು ನಿಮಿಷದ ಹಾಡಿನಲ್ಲಿ ಅದು ಹದಿನೈದಿಪ್ಪತ್ತು ಸೆಕೆಂಡು. ಉಳಿದಷ್ಟೂ ಹೊತ್ತು ಹಿಮ್ಮೇಳ. ಹೊಸಬರ ಕಣ್ಣು ಆ ಇಪ್ಪತ್ತು ಸೆಕೆಂಡಿನ ಬೆರಳಾಟದ ಮೇಲಿರುತ್ತದೆ. ಆದರೆ ಮೇಳ ನಿಲ್ಲುವುದು, ಬೀಳುವುದು ಹಿಮ್ಮೇಳದಿಂದ. ಈ ಉತ್ತರದಲ್ಲಿ ನಾನು ಹೆಚ್ಚು ಮಾತಾಡುವುದೂ ಅದರ ಬಗ್ಗೆಯೇ.

1946ರ ಐವರು

ಈ ಐದು ವಾದ್ಯಗಳ ಜೋಡಣೆಗೆ ಒಂದು ನಿರ್ದಿಷ್ಟ ಮೇಳದ ಅಚ್ಚು ಇದೆ: ಬಿಲ್ ಮನ್ರೊ ಅವರ ‘ಬ್ಲೂ ಗ್ರಾಸ್ ಬಾಯ್ಸ್’. ಕೆಂಟಕಿ ರಾಜ್ಯಕ್ಕೆ ಅಲ್ಲಿ ಬೆಳೆಯುವ ಹುಲ್ಲಿನಿಂದಾಗಿ ‘ಬ್ಲೂಗ್ರಾಸ್ ರಾಜ್ಯ’ ಎಂಬ ಅಡ್ಡಹೆಸರಿದೆ. ಮನ್ರೊ ತಮ್ಮ ತವರು ರಾಜ್ಯದ ನೆನಪಿಗೆ ಮೇಳಕ್ಕೆ ಆ ಹೆಸರಿಟ್ಟರು. ಮೇಳದ ಹೆಸರು ಸಂಗೀತದ ಹೆಸರಾದದ್ದು 1950ರ ದಶಕದಲ್ಲಿ. ಅವರು ಹುಟ್ಟಿದ ರೋಸೀನ್ ಎಂಬ ಹಳ್ಳಿ ಇರುವುದು ಪಶ್ಚಿಮ ಕೆಂಟಕಿಯಲ್ಲಿ. ಆ ಹುಲ್ಲಿಗೆ ಹೆಸರಾದ ಸೀಮೆ ಅಲ್ಲಿಂದ ದೂರ, ಲೆಕ್ಸಿಂಗ್ಟನ್ ಸುತ್ತಮುತ್ತ.

1939ರ ಅಕ್ಟೋಬರಿನಲ್ಲಿ ಮನ್ರೊ ನ್ಯಾಶ್‌ವಿಲ್‌ನ ಡಬ್ಲ್ಯುಎಸ್‌ಎಂ ರೇಡಿಯೊ ಕೇಂದ್ರದ ಶನಿವಾರದ ಕಾರ್ಯಕ್ರಮ ‘ಗ್ರ್ಯಾಂಡ್ ಓಲ್ ಆಪ್ರಿ’ಗೆ ಸೇರಿದರು. ಆಗ ಮೇಳದಲ್ಲಿದ್ದುದು ಮ್ಯಾಂಡೊಲಿನ್, ಗಿಟಾರ್, ಪಿಟೀಲು ಮತ್ತು ಬಾಸ್. ಬ್ಯಾಂಜೊ ಇರಲಿಲ್ಲ. ಇದನ್ನು ನೆನಪಿಡಿ, ನಿಮ್ಮ ಮೂವರ ವಿಷಯಕ್ಕೆ ಬಂದಾಗ ಬೇಕಾಗುತ್ತದೆ. ಮುಂದೆ ಸ್ಟ್ರಿಂಗ್‌ಬೀನ್ ಎಂಬ ಹೆಸರಿನಿಂದ ಪರಿಚಿತರಾದ ಡೇವಿಡ್ ಏಕ್‌ಮನ್ ಹಳೆಯ ರೀತಿಯ ಬ್ಯಾಂಜೊ ತಂದರು. ಕೆಲ ವರ್ಷ ಸ್ಯಾಲಿ ಆ್ಯನ್ ಫಾರೆಸ್ಟರ್ ಅವರ ಅಕಾರ್ಡಿಯನ್ ಕೂಡ ಇತ್ತು. ಬ್ಲೂಗ್ರಾಸ್‌ನಲ್ಲಿ ಹೆಂಗಸರು ಮೊದಲಿನಿಂದಲೂ ಇದ್ದರು ಎಂಬುದಕ್ಕೆ ಅವರೇ ಸಾಕ್ಷಿ.

ತಿರುವು ಬಂದದ್ದು 1945ರ ಡಿಸೆಂಬರಿನಲ್ಲಿ. ನಾರ್ತ್ ಕ್ಯಾರೊಲೈನಾದ ಕ್ಲೀವ್‌ಲ್ಯಾಂಡ್ ಕೌಂಟಿಯ ಅರ್ಲ್ ಸ್ಕ್ರಗ್ಸ್ ಮೇಳ ಸೇರಿದರು. ಆಗಿನ್ನೂ ಅವರಿಗೆ 21 ವರ್ಷ. ಟೆನೆಸಿಯ ಲೆಸ್ಟರ್ ಫ್ಲ್ಯಾಟ್ ಗಿಟಾರ್ ಹಿಡಿದು ಮುಖ್ಯ ಹಾಡುಗಾರರಾಗಿದ್ದರು. ಫ್ಲಾರಿಡಾದ ಚಬ್ಬಿ ವೈಸ್ ಪಿಟೀಲು, ಸೆಡ್ರಿಕ್ ರೇನ್‌ವಾಟರ್ ಎಂಬ ರಂಗದ ಹೆಸರಿನ ಹಾವರ್ಡ್ ವಾಟ್ಸ್ ಬಾಸ್. ಬಾಸ್ ನುಡಿಸುವವರೇ ನಡುನಡುವೆ ಹಾಸ್ಯ ಮಾಡಿ ಜನರನ್ನು ನಗಿಸುವುದು ಆಗಿನ ಪದ್ಧತಿ. ಈ ಐವರು 1946ರ ಸೆಪ್ಟೆಂಬರಿನಲ್ಲೂ 1947ರ ಅಕ್ಟೋಬರಿನಲ್ಲೂ ಕೊಲಂಬಿಯಾ ಕಂಪನಿಗೆ ಒಟ್ಟು 28 ಹಾಡು ಧ್ವನಿಮುದ್ರಿಸಿದರು. 1948ರ ಆರಂಭದಲ್ಲಿ ಫ್ಲ್ಯಾಟ್ ಮತ್ತು ಸ್ಕ್ರಗ್ಸ್ ಹೊರಟು ತಮ್ಮದೇ ‘ಫಾಗಿ ಮೌಂಟನ್ ಬಾಯ್ಸ್’ ಕಟ್ಟಿದರು. ಒಟ್ಟು ಎರಡು ವರ್ಷಕ್ಕಿಂತ ಸ್ವಲ್ಪ ಹೆಚ್ಚಿನ ಒಡನಾಟ. ಅಷ್ಟರಲ್ಲೇ ಮುಂದಿನ ತಲೆಮಾರುಗಳು ಅಳತೆಗೋಲಾಗಿ ಇಟ್ಟುಕೊಳ್ಳುವಂಥ ನಾದ ಸಿದ್ಧವಾಗಿತ್ತು. ನೀವು ನೋಡಿದ ಮೇಳ ಯಾವುದೇ ಇರಲಿ, ಅದು ಇವರಿಂದ ಕಲಿತದ್ದು.

ಒಂದೊಂದು ವಾದ್ಯ ಎಲ್ಲಿಂದ ಬಂತು

ಈ ಐದು ವಾದ್ಯಗಳ ಊರು ಬೇರೆ ಬೇರೆ. ಅವೆಲ್ಲ ಅಮೆರಿಕದ ಪೂರ್ವ ಭಾಗದ ಅಪಲೇಚಿಯನ್ ಬೆಟ್ಟಸಾಲಿನಲ್ಲೂ ಅದರ ಆಸುಪಾಸಿನ ಗಣಿ, ಗಿರಣಿ, ಹೊಲಗಳ ನಡುವೆಯೂ ಒಂದಕ್ಕೊಂದು ಸಿಕ್ಕಿದವು.

ಬ್ಯಾಂಜೊದ ಬೇರು ಪಶ್ಚಿಮ ಆಫ್ರಿಕಾದಲ್ಲಿ. ಸೆನೆಗಲ್-ಗ್ಯಾಂಬಿಯಾ ಕಡೆಯ ಜೋಲಾ ಜನರ ಅಕೊಂಟಿಂಗ್ ಇದರ ಹತ್ತಿರದ ನೆಂಟ: ಬುರುಡೆಗೆ ಚರ್ಮ ಬಿಗಿದು, ಅದರಲ್ಲಿ ಕೋಲು ತೂರಿಸಿ ತಂತಿ ಕಟ್ಟಿದ ವಾದ್ಯ. ಗುಲಾಮರಾಗಿ ಹಡಗೇರಿಸಲ್ಪಟ್ಟ ಜನ ಆ ವಾದ್ಯ ಮಾಡುವ ವಿದ್ಯೆಯನ್ನು ನೆನಪಿನಲ್ಲೇ ಹೊತ್ತು ಬಂದರು. ಬ್ಯಾಂಜೊದಲ್ಲಿ ಕಾಣುವ ಐದನೆಯ ಗಿಡ್ಡ ತಂತಿ, ಐದನೇ ಮೆಟ್ಟಿಲಿನ (ಫ್ರೆಟ್) ಹತ್ತಿರ ಬಿರಡೆ ಇರುವುದು, ಆ ಪರಂಪರೆಯದೇ. ಅದು ಹೆಚ್ಚಾಗಿ ಒಂದೇ ಸ್ವರ ನುಡಿಯುತ್ತಿರುತ್ತದೆ. ತಂಬೂರಿ ಕೇಳಿ ಬೆಳೆದವರಿಗೆ ಅದರ ಕೆಲಸ ವಿವರಿಸಬೇಕಿಲ್ಲ. 19ನೇ ಶತಮಾನದಲ್ಲಿ ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಕರಿಯರನ್ನು ಅಣಕಿಸುತ್ತಿದ್ದ ನಾಟಕಗಳ ಮೂಲಕ ಬ್ಯಾಂಜೊ ಬಿಳಿಯರ ಮನೆ ಹೊಕ್ಕಿತು. ಇದು ಆ ವಾದ್ಯದ ಚರಿತ್ರೆಯ ನೋವಿನ ಭಾಗ, ಬಿಟ್ಟು ಹೇಳಬಾರದು. 2005ರಲ್ಲಿ ಹುಟ್ಟಿದ ‘ಕ್ಯಾರೊಲೈನಾ ಚಾಕ್ಲೆಟ್ ಡ್ರಾಪ್ಸ್’ ಎಂಬ ಕರಿಯ ಕಲಾವಿದರ ಮೇಳ, ನಾರ್ತ್ ಕ್ಯಾರೊಲೈನಾದ ಹಿರಿಯ ಪಿಟೀಲುವಾದಕ ಜೋ ಥಾಮ್ಸನ್ ಅವರ ಬಳಿ ಕೂತು ಕಲಿತು, ಈ ಮರೆತ ಪಾಲನ್ನು ಮತ್ತೆ ವೇದಿಕೆಗೆ ತಂದಿತು.

ಸ್ಕ್ರಗ್ಸ್‌ಗೆ ಮೊದಲೂ ಅವರ ಸೀಮೆಯಲ್ಲಿ ಮೂರು ಬೆರಳಿನಿಂದ ಬ್ಯಾಂಜೊ ನುಡಿಸುವವರಿದ್ದರು. ಅವರು ಅದನ್ನು ನುಣುಪಾಗಿಸಿ, ಯಾವ ವೇಗದಲ್ಲೂ ಹಾಡಿನ ಮಟ್ಟು ಎದ್ದು ಕೇಳುವ ಹಾಗೆ ಮಾಡಿದರು. ಹೆಬ್ಬೆರಳು, ತೋರುಬೆರಳು, ನಡುಬೆರಳಿಗೆ ನಖ ಹಾಕಿ ನುಡಿಸುವ ಎಂಟು ಸ್ವರದ ಸುತ್ತಿಗೆ ‘ರೋಲ್’ ಎನ್ನುತ್ತಾರೆ. ಮುಮ್ಮುಖ ರೋಲಿನ ಎಂಟು ಏಟು ಮೂರು, ಮೂರು, ಎರಡು ಎಂದು ಒಡೆಯುತ್ತವೆ. ಬಾಯಲ್ಲಿ ‘ತಕಿಟ ತಕಿಟ ತಕ’ ಎಂದು ಹೇಳಿಕೊಳ್ಳಿ, ಕೈಯಲ್ಲಿ ನಾಲ್ಕು ಎಣಿಸಿ. ಬ್ಯಾಂಜೊ ಲಯಕ್ಕೆ ಅಂಟಿಕೊಂಡಿದ್ದೂ ಅದರ ಮೇಲೆ ತೇಲುವಂತೆ ಕೇಳಿಸುವುದರ ಗುಟ್ಟು ಇದೇ.

ಪಿಟೀಲು ಬಂದದ್ದು ಸ್ಕಾಟ್ಲೆಂಡ್ ಮತ್ತು ಉತ್ತರ ಐರ್ಲೆಂಡಿನಿಂದ, 18ನೇ ಶತಮಾನದ ವಲಸಿಗರ ಜೊತೆ. ಕುಣಿತದ ಮಟ್ಟುಗಳು, ಕಥನಗೀತೆಗಳು ಅವರ ಗಂಟಿನಲ್ಲಿದ್ದವು. ಫಿಡಲ್, ವಯೊಲಿನ್ ಎರಡೂ ಒಂದೇ ವಾದ್ಯ. ನುಡಿಸುವ ರೀತಿ ಬೇರೆ, ಹೆಸರು ಬೇರೆ. ನಮ್ಮ ‘ಪಿಟೀಲು’ ಎಂಬ ಮಾತೂ ‘ಫಿಡಲ್’ನಿಂದಲೇ ಬಂದದ್ದು. ಆ ಮಟ್ಟುಗಳಲ್ಲಿ ಹಲವು ಐದು ಸ್ವರದವು, ನಮ್ಮ ಮೋಹನದ ಸ್ವರಗಳೇ. ಇನ್ನು ಕೆಲವಕ್ಕೆ ನಿಷಾದ ಕೋಮಲ. ಸ್ವರಗಳನ್ನಷ್ಟೇ ನೋಡಿದರೆ ಹರಿಕಾಂಭೋಜಿ. ರಾಗದ ನಡೆ, ಗಮಕ ಇಲ್ಲ ಎಂಬುದು ಬೇರೆ ಮಾತು.

ಮ್ಯಾಂಡೊಲಿನ್ ಇಟಲಿಯದು. 19ನೇ ಶತಮಾನದ ಕೊನೆಗೆ ಅಮೆರಿಕದ ಊರೂರಿನಲ್ಲಿ ಮ್ಯಾಂಡೊಲಿನ್ ವಾದ್ಯವೃಂದಗಳಿದ್ದವು. ಹಿಂಬದಿ ಗುಂಡಗಿದ್ದ ಇಟಲಿಯ ಮಾದರಿಯನ್ನು ಬಿಟ್ಟು, ಮಿಶಿಗನ್ ರಾಜ್ಯದ ಕಲಮಝೂನಲ್ಲಿದ್ದ ಗಿಬ್ಸನ್ ಕಂಪನಿ ಪಿಟೀಲಿನಂತೆ ಮೇಲುಹಲಗೆ ಕೆತ್ತಿದ ಚಪ್ಪಟೆ ಮ್ಯಾಂಡೊಲಿನ್ ಮಾಡಿತು. 1920ರ ದಶಕದ ಮೊದಲಲ್ಲಿ ಲಾಯ್ಡ್ ಲೋರ್ ಅವರ ಉಸ್ತುವಾರಿಯಲ್ಲಿ ಬಂದ ಎಫ್-5 ಮಾದರಿಗೆ ಪಿಟೀಲಿನಂಥ ಎಫ್ ಆಕಾರದ ರಂಧ್ರಗಳೂ ಇದ್ದವು. ಮನ್ರೊ ಕೈಯಲ್ಲಿದ್ದುದು 1923ರ ಜುಲೈ 9ರಂದು ಲೋರ್ ಸಹಿ ಹಾಕಿದ ಎಫ್-5. ವಾದ್ಯವೃಂದದ ಸೌಮ್ಯ ಸಂಗೀತಕ್ಕೆಂದು ಮಾಡಿದ ಆ ವಾದ್ಯವನ್ನು ಮನ್ರೊ ತಾಳವಾದ್ಯವಾಗಿಸಿದರು. ಮನೆಯ ಎಂಟು ಮಕ್ಕಳಲ್ಲಿ ಅವರೇ ಕಿರಿಯರು. ಅಣ್ಣಂದಿರು ಪಿಟೀಲು, ಗಿಟಾರ್ ತೆಗೆದುಕೊಂಡ ಮೇಲೆ ಉಳಿದದ್ದು ಮ್ಯಾಂಡೊಲಿನ್.

ಗಿಟಾರ್ ಬೆಟ್ಟಗಳಿಗೆ ಬಂದದ್ದು ತಡವಾಗಿ, ಅಂಚೆಯಲ್ಲಿ ಸಾಮಾನು ಮಾರುವ ಕಂಪನಿಗಳ ಮೂಲಕ, ರೈಲು ಹಾದಿಯ ಕೆಲಸಗಾರರ ಮೂಲಕ. ಅದರೊಡನೆ ಕರಿಯರ ‘ಬ್ಲೂಸ್’ ಎಂಬ ಸಂಗೀತವೂ ಬಂತು. ಮನ್ರೊ ವಿಷಯದಲ್ಲಿ ಈ ಸಾಲ ಯಾರದೆಂದು ಹೆಸರು ಹಿಡಿದೇ ಹೇಳಬಹುದು: ಅವರದೇ ಕೌಂಟಿಯ ಕರಿಯ ಗಿಟಾರ್ ಮತ್ತು ಪಿಟೀಲುವಾದಕ ಆರ್ನಲ್ಡ್ ಶುಲ್ಟ್ಸ್. ಹುಡುಗ ಮನ್ರೊ ಅವರ ಜೊತೆ ಕುಣಿತದ ಮನೆಗಳಲ್ಲಿ ನುಡಿಸುತ್ತಿದ್ದರು. ಇನ್ನೊಬ್ಬ ಗುರು ಸೋದರಮಾವ ಪೆಂಡ್ಲ್‌ಟನ್ ವ್ಯಾಂಡಿವರ್, ಪಿಟೀಲುವಾದಕ. ತಂದೆತಾಯಿ ತೀರಿಕೊಂಡ ಮೇಲೆ ಮನ್ರೊ ಈ ಮಾವನ ಮನೆಯಲ್ಲಿ ಬೆಳೆದರು. ಪಿಟೀಲಿನ ಮಟ್ಟು ಮಾವನಿಂದ, ಬ್ಲೂಸ್ ಶುಲ್ಟ್ಸ್ ಅವರಿಂದ.

ಮೂರನೆಯ ಪಾಠ ಚರ್ಚಿನಲ್ಲಿ. ಅಲ್ಲಿ ಹಾಡು ಕಲಿಸುತ್ತಿದ್ದುದು ‘ಆಕಾರ ಸ್ವರಲಿಪಿ’ಯಿಂದ: ಸ್ವರದ ಗುರುತು ತ್ರಿಕೋನವೋ ಚೌಕವೋ ಗುಂಡೋ ಎಂಬುದನ್ನು ನೋಡಿಯೇ ಅದು ಯಾವ ಸ್ವರ ಎಂದು ತಿಳಿಯುವ ಲಿಪಿ. ಓದು ಬಾರದವರೂ ಆಕಾರ ನೋಡಿ ನಾಲ್ಕು ದನಿಯಲ್ಲಿ ಒಟ್ಟಿಗೆ ಹಾಡುತ್ತಿದ್ದರು. ಬ್ಲೂಗ್ರಾಸ್‌ನ ಮೂರು ದನಿಯ ಹಾಡುಗಾರಿಕೆಯ ತಳಹದಿ ಅದು. ನಡುವೆ ಮುಖ್ಯ ದನಿ, ಅದರ ಮೇಲೆ ಟೆನರ್, ಕೆಳಗೆ ಬ್ಯಾರಿಟೋನ್. ಭಕ್ತಿಗೀತೆಗಳಿಗೆ ನಾಲ್ಕನೆಯದಾಗಿ ಇನ್ನೂ ತಗ್ಗಿನ ಬಾಸ್ ದನಿ. ಮನ್ರೊ ಅವರ ಟೆನರ್ ಬಹಳ ಎತ್ತರ. ಗಂಟಲು ಬಿಗಿದು ಎತ್ತರದಲ್ಲಿ ಹಾಡುವ ಆ ದನಿಯಲ್ಲಿರುವ ಒಂಟಿತನವೇ ಬ್ಲೂಗ್ರಾಸ್‌ನ ಗುರುತಾಯಿತು.

ಬಾಸ್ ಬಗ್ಗೆ ಹೇಳುವುದು ಕಡಿಮೆ, ಅದು ಪಾಶ್ಚಾತ್ಯ ವಾದ್ಯವೃಂದದ್ದು. ಆದರೆ ಮೇಳದಲ್ಲಿ ಅದಿಲ್ಲದಿದ್ದರೆ ಎಲ್ಲರ ಕಾಲೂ ತಡವರಿಸುತ್ತದೆ.

ಡೋಬ್ರೊ ಎಂಬ ಆರನೆಯ ವಾದ್ಯವನ್ನೂ ನೀವು ಕೆಲ ಮೇಳಗಳಲ್ಲಿ ನೋಡುತ್ತೀರಿ: ಮಡಿಲ ಮೇಲೆ ಅಡ್ಡ ಹಿಡಿದು, ಉಕ್ಕಿನ ತುಂಡು ಜಾರಿಸುತ್ತ ನುಡಿಸುವ, ಹೊಟ್ಟೆಯಲ್ಲಿ ಲೋಹದ ತಟ್ಟೆ ಇರುವ ಗಿಟಾರ್. 1955ರಲ್ಲಿ ಜಾಶ್ ಗ್ರೇವ್ಸ್ ಅದನ್ನು ಫ್ಲ್ಯಾಟ್-ಸ್ಕ್ರಗ್ಸ್ ಮೇಳಕ್ಕೆ ತಂದರು. ಜಾರಿಸಿ ನುಡಿಸುವ ಆ ವಿದ್ಯೆ ಹವಾಯಿ ದ್ವೀಪದ್ದು. ಅದೇ ವಿದ್ಯೆ ಭಾರತಕ್ಕೂ ಬಂತು. ಹವಾಯಿಯ ಟಾವ್ ಮೋ 1940ರ ದಶಕದಲ್ಲಿ ಕಲ್ಕತ್ತಾದಲ್ಲಿದ್ದು ನುಡಿಸಿದವರು. ಹೀಗೆ ನಮ್ಮ ಹಿಂದೂಸ್ತಾನಿ ಸ್ಲೈಡ್ ಗಿಟಾರ್ ಮತ್ತು ಡೋಬ್ರೊ ಒಂದೇ ತಾಯಿಯ ಮಕ್ಕಳು. ಡೋಬ್ರೊದ ಜೆರ್ರಿ ಡಗ್ಲಸ್ ಮತ್ತು ಮೋಹನವೀಣೆಯ ವಿಶ್ವಮೋಹನ ಭಟ್ 1990ರ ದಶಕದಲ್ಲಿ ಜೊತೆಗೆ ಧ್ವನಿಮುದ್ರಣ ಮಾಡಿದಾಗ ವಾದ್ಯಗಳಿಗೆ ಹೊಸ ಪರಿಚಯ ಬೇಕಾಗಲಿಲ್ಲ. ಬ್ಯಾಂಜೊದ ಬೇಲಾ ಫ್ಲೆಕ್ ಅವರು ತಬಲಾದ ಜಾಕಿರ್ ಹುಸೇನ್, ಬಾಸ್‌ನ ಎಡ್ಗರ್ ಮೇಯರ್, ಕೊಳಲಿನ ರಾಕೇಶ್ ಚೌರಾಸಿಯಾ ಜೊತೆ ಸೇರಿ ಮಾಡಿದ ಮುದ್ರಿಕೆಗೆ 2024ರಲ್ಲಿ ಗ್ರ್ಯಾಮಿ ಬಂದದ್ದನ್ನು ನೀವು ಓದಿರಬಹುದು.

ನಿಮ್ಮ ಮೂವರ ಮೇಳ

ಬ್ಯಾಂಜೊ ಇಲ್ಲ ಎಂದು ಕಾಯಬೇಡಿ. 1939ರ ಮನ್ರೊ ಮೇಳಕ್ಕೆ ಹೋಲಿಸಿದರೆ ನಿಮ್ಮಲ್ಲಿ ಇಲ್ಲದಿರುವುದು ಬಾಸ್ ಮಾತ್ರ. ಅದಕ್ಕೂ ಹಿಂದೆ, 1936ರಿಂದ 1938ರವರೆಗೆ, ಬಿಲ್ ಮತ್ತು ಅಣ್ಣ ಚಾರ್ಲಿ ಬರೀ ಮ್ಯಾಂಡೊಲಿನ್, ಗಿಟಾರ್ ಹಿಡಿದು 60 ಹಾಡು ಧ್ವನಿಮುದ್ರಿಸಿದ್ದರು. ಮೊದಲು ಅವನ್ನೇ ಕೇಳಿ. ಎರಡೇ ವಾದ್ಯದಿಂದ ಎಷ್ಟು ಸಾಧ್ಯ ಎಂಬುದು ಅಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ.

ಪಿಟೀಲಿನಿಂದ ಶುರು ಮಾಡುತ್ತೇನೆ, ಏಕೆಂದರೆ ಹೆಚ್ಚು ಗೊಂದಲ ಅಲ್ಲಿಯೇ. ಕರ್ನಾಟಕ ಶೈಲಿಯಲ್ಲಿ ನಾಲ್ಕು ತಂತಿ ಸ-ಪ-ಸ-ಪ. ಬ್ಲೂಗ್ರಾಸ್ ಪಿಟೀಲು ತಗ್ಗಿನಿಂದ ಜಿ, ಡಿ, ಎ, ಇ. ಜಿ ಸ್ವರವನ್ನು ಷಡ್ಜವೆಂದುಕೊಂಡರೆ ಇದು ಸ-ಪ-ರಿ-ದ. ಮೇಲಿನ ಎರಡು ತಂತಿಗಳಲ್ಲಿ ಬೆರಳಿನ ಜಾಗ ಬದಲಾಗುವುದರಿಂದ ಕೈ ತಪ್ಪುತ್ತದೆ. ಆದರೆ ನಿಮಗೊಂದು ಸಲೀಸು ದಾರಿ ಇದೆ. ಅಪಲೇಚಿಯಾದ ಹಳೆಯ ಪಿಟೀಲುವಾದಕರು ಅನೇಕ ಮಟ್ಟುಗಳಿಗೆ ತಂತಿಯನ್ನು ಎ-ಇ-ಎ-ಇ ಅಥವಾ ಜಿ-ಡಿ-ಜಿ-ಡಿ ಎಂದು ಕೂಡಿಸುತ್ತಿದ್ದರು. ಅದು ಅಕ್ಷರಶಃ ಸ-ಪ-ಸ-ಪ. ಹಾಗಾಗಿ ನಿಮ್ಮ ಗೆಳೆಯರು ಐದು ಮನೆ ಶ್ರುತಿಗೆ, ಅಂದರೆ ಜಿ ಸ್ವರಕ್ಕೆ ಕೂಡಿಸಿಕೊಂಡು ಈಗಿರುವ ಬೆರಳಿನಲ್ಲೇ ಮೊದಲ ನಾಲ್ಕಾರು ಮಟ್ಟು ಕಲಿಯಲಿ. ಆಮೇಲೆ ಜಿ-ಡಿ-ಎ-ಇಗೆ ಬೇರೆಯೇ ಒಂದು ಪಿಟೀಲು ಇಟ್ಟುಕೊಳ್ಳುವುದು ಒಳ್ಳೆಯದು. ಒಂದೇ ವಾದ್ಯವನ್ನು ದಿನಕ್ಕೆರಡು ಸಲ ಏರಿಳಿಸಿದರೆ ತೆಳು ತಂತಿ ಕಡಿಯುತ್ತದೆ, ಕುದುರೆ ಮುಂದಕ್ಕೆ ವಾಲುತ್ತದೆ, ಶ್ರುತಿ ನಿಲ್ಲುವುದಿಲ್ಲ.

ಕೂತು, ತಲೆಭಾಗವನ್ನು ಪಾದಕ್ಕೆ ಊರಿ ನುಡಿಸುವ ಅಭ್ಯಾಸವನ್ನು ಬದಲಿಸಲೇಬೇಕು ಅಂತಿಲ್ಲ. ಕಲಿಯಬೇಕಾದ್ದು ಬಲಗೈ. ಮೂಲ ಕಮಾನು ‘ಶಫಲ್’: ಒಂದು ಉದ್ದ, ಎರಡು ಗಿಡ್ಡ, ಮತ್ತೆ ಒಂದು ಉದ್ದ, ಎರಡು ಗಿಡ್ಡ. ‘ತಾ ತಕ ತಾ ತಕ’ ಎಂದು ಹೇಳಿಕೊಂಡು, ಮಟ್ಟು ಇಲ್ಲದೆ ಬರೀ ಷಡ್ಜ-ಪಂಚಮ ಎರಡು ತಂತಿಯನ್ನು ಒಟ್ಟಿಗೆ ಎಳೆಯುತ್ತ ದಿನಕ್ಕೆ ಹತ್ತು ನಿಮಿಷ. ಗಮಕವನ್ನು ಹಿಡಿದಿಡುವುದು ಕಷ್ಟವಾಗುತ್ತದೆ, ಕೈ ತಾನಾಗಿಯೇ ತೂಗುತ್ತದೆ. ಇಲ್ಲಿ ಸ್ವರ ನೇರವಾಗಿ ನಿಲ್ಲಬೇಕು. ಒಂದು ಜಾಗದಲ್ಲಿ ಮಾತ್ರ ನಿಮ್ಮ ವಿದ್ಯೆ ನೇರವಾಗಿ ಉಪಯೋಗಕ್ಕೆ ಬರುತ್ತದೆ: ಕೋಮಲ ಗಾಂಧಾರದಿಂದ ಶುದ್ಧ ಗಾಂಧಾರಕ್ಕೆ ಜಾರುವ ಬ್ಲೂಸ್ ಜಾರು. ಅದು ಚಿಕ್ಕದಿರಲಿ, ಒಮ್ಮೆ ಮಾತ್ರ ಇರಲಿ. ಹಾಡುಗಾರರು ಸಾಲು ಹಾಡುತ್ತಿರುವಾಗ ಪಿಟೀಲು ಮಟ್ಟನ್ನೇ ನೆರಳಿನಂತೆ ಹಿಂಬಾಲಿಸುವುದು ನಮ್ಮ ಪಕ್ಕವಾದ್ಯದ ಧರ್ಮ. ಬ್ಲೂಗ್ರಾಸ್‌ನಲ್ಲಿ ಅದು ತಪ್ಪು. ಸಾಲು ಮುಗಿದು ಉಸಿರು ತೆಗೆದುಕೊಳ್ಳುವ ಆ ಎರಡು ಎಣಿಕೆಯೇ ಪಿಟೀಲಿನ ಜಾಗ.

ಮ್ಯಾಂಡೊಲಿನ್‌ಗೆ ಬರೋಣ. ನಿಮ್ಮದು ಕರ್ನಾಟಕ ಸಂಗೀತಕ್ಕೆ ಬಳಸುವ ಒಂಟಿ ತಂತಿಯ ಎಲೆಕ್ಟ್ರಿಕ್ ಮಾದರಿಯಾದರೆ ಇದಕ್ಕೆ ಆಗದು. ಗಟ್ಟಿ ಮರದ ಮೈಯಲ್ಲಿ ‘ಚಕ್’ ಹುಟ್ಟುವುದಿಲ್ಲ. ಪೊಳ್ಳು ಮೈಯ, ಜೋಡಿ ತಂತಿಯ ಎಂಟು ತಂತಿ ಮ್ಯಾಂಡೊಲಿನ್ ಬೇಕು. ತಂತಿ ಮಧ್ಯಮ ದಪ್ಪದ್ದು: ತೆಳುವಿನಿಂದ 11, 15, 26, 40 ಎಂದು ಪೊಟ್ಟಣದ ಮೇಲೆ ಬರೆದಿರುತ್ತದೆ. ಮೀಟುವ ಪಿಕ್ ಗಟ್ಟಿಯಾಗಿ 1.2ರಿಂದ 1.5 ಮಿಲಿಮೀಟರ್ ದಪ್ಪ ಇರಲಿ. ತೆಳು ಪಿಕ್‌ನಲ್ಲಿ ಏಟಿನ ಬದಲು ಪಟಪಟ ಸದ್ದು ಬರುತ್ತದೆ.

ಈ ‘ಚಕ್’ ಏಟಿಗೆ ‘ಚಾಪ್’ ಎನ್ನುತ್ತಾರೆ. ಅದನ್ನು ಕಲಿಯುವುದು ಹೀಗೆ. ಜಿ ಸ್ವರಮೇಳಕ್ಕೆ (ಕಾರ್ಡ್) ದಪ್ಪ ಜೋಡಿಯಿಂದ ಕ್ರಮವಾಗಿ 7, 5, 2, 3ನೇ ಮೆಟ್ಟಿಲಿನಲ್ಲಿ ನಾಲ್ಕೂ ಬೆರಳು ಒತ್ತಿ. ತೆರೆದ ತಂತಿ ಒಂದೂ ಇರಬಾರದು. ಕಾರಣ ಇಷ್ಟೆ: ಒತ್ತಿದ ತಂತಿಯನ್ನು ಬೆರಳು ಸಡಿಲಿಸಿ ನಿಲ್ಲಿಸಬಹುದು, ತೆರೆದ ತಂತಿಯನ್ನು ಹಾಗೆ ನಿಲ್ಲಿಸಲಾಗದು. ಎರಡನೇ ಎಣಿಕೆಗೆ ಪಿಕ್‌ನಿಂದ ಒಮ್ಮೆ ಕೆಳಕ್ಕೆ ಹೊಡೆದು, ಸದ್ದು ಹುಟ್ಟಿದ ಕೂಡಲೇ ಎಡಗೈ ಒತ್ತಡ ಬಿಡಿ. ಬೆರಳು ತಂತಿಯ ಮೇಲೇ ಇರಲಿ. ‘ಚಕ್’ ಎಂದು ಒಣಗಿದ ಸದ್ದು ಬಂದರೆ ಸರಿ. ‘ಝಣ್’ ಎಂದು ಉಳಿದರೆ ಬಿಟ್ಟದ್ದು ತಡವಾಯಿತು. ಬರೀ ‘ಟಕ್’ ಎಂದರೆ ಬೇಗ ಬಿಟ್ಟಿರಿ, ಸ್ವರವೇ ಹುಟ್ಟಲಿಲ್ಲ. ಈ ಹಿಡಿತಕ್ಕೆ ಕಿರುಬೆರಳು, ಉಂಗುರಬೆರಳು ದೂರ ಚಾಚಬೇಕು, ಮೊದಲ ಎರಡು ವಾರ ನೋವಾಗುತ್ತದೆ. ಅದೇ ಹಿಡಿತವನ್ನು ಎರಡು ಮೆಟ್ಟಿಲು ಮೇಲೆ ಜರುಗಿಸಿ ಒತ್ತಿ ಕಲಿಯಿರಿ, ಮೆಟ್ಟಿಲು ಕಿರಿದಾಗುವುದರಿಂದ ಸ್ವಲ್ಪ ಹಗುರ. ಅದು ಎ ಸ್ವರಮೇಳ. ಆಮೇಲೆ ಕೆಳಗೆ ಬನ್ನಿ.

ಗಿಟಾರ್ ನಿಮ್ಮ ಮೇಳಕ್ಕೆ ಬಾಸ್ ಕೂಡ ಹೌದು, ಆದ್ದರಿಂದ ಅದರ ಹೊಣೆ ದೊಡ್ಡದು. ಡ್ರೆಡ್‌ನಾಟ್ ಎಂಬ ಅಗಲ ಸೊಂಟದ ಮಾದರಿಯೇ ಬೇಕು. ಮಾರ್ಟಿನ್ ಕಂಪನಿಯ ಡಿ-28 ಈ ಸಂಗೀತದ ಅಳತೆಗೋಲು, ಆದರೆ ಗಟ್ಟಿ ಸ್ಪ್ರೂಸ್ ಮರದ ಮೇಲುಹಲಗೆಯ ಯಾವ ಒಳ್ಳೆಯ ಡ್ರೆಡ್‌ನಾಟ್ ಆದರೂ ನಡೆಯುತ್ತದೆ. ಮೈಕಿಲ್ಲದ ಸಭೆಗೆ ಸದ್ದು ಸಾಲದೆಂದು ಮೈಸೂರಿನ ಚೌಡಯ್ಯನವರು ಪಿಟೀಲಿಗೆ ಮೂರು ತಂತಿ ಹೆಚ್ಚು ಹಾಕಿ ಏಳು ಮಾಡಿದರಲ್ಲ, ಗಿಟಾರಿನ ಮೈ ಹಿಗ್ಗಿಸಿದ್ದರ ಹಿಂದೆಯೂ ಅದೇ ಅಗತ್ಯ ಇತ್ತು. ಜಿ ಸ್ವರಮೇಳದಲ್ಲಿ ಒಂದನೇ ಎಣಿಕೆಗೆ ಆರನೇ ತಂತಿಯ ಮೂರನೇ ಮೆಟ್ಟಿಲು, ಮೂರನೇ ಎಣಿಕೆಗೆ ತೆರೆದ ನಾಲ್ಕನೇ ತಂತಿ, ಅಂದರೆ ಸ ಮತ್ತು ಪ. ನಡುವೆ ತೆಳು ಮೂರು ತಂತಿಗಳ ಮೇಲೆ ಚಿಕ್ಕ ಬೀಸು. ಹೊಸಬರ ಮಾಮೂಲಿ ತಪ್ಪು ಆರೂ ತಂತಿಯನ್ನು ಪ್ರತಿ ಸಲ ಬೀಸುವುದು. ಆಗ ಬಾಸ್ ಸ್ವರ ಮುಳುಗುತ್ತದೆ, ಮ್ಯಾಂಡೊಲಿನ್ನಿನ ಚಾಪ್ ಕೂಡ ಕೇಳಿಸದು.

ಸಾಲಿನ ಕೊನೆಗೆ ಗಿಟಾರ್ ಹಾಕುವ ಚಿಕ್ಕ ಮುಕ್ತಾಯವೊಂದಿದೆ, ಲೆಸ್ಟರ್ ಫ್ಲ್ಯಾಟ್ ಅದನ್ನು ಮನೆಮಾತಾಗಿಸಿದರು: ‘ಜಿ ರನ್’. ಆರನೇ ತಂತಿ ಮೂರನೇ ಮೆಟ್ಟಿಲು. ಐದನೇ ತಂತಿ ತೆರೆದದ್ದು, ಆಮೇಲೆ ಅದೇ ತಂತಿಯ ಮೊದಲ ಮೆಟ್ಟಿಲಿನಿಂದ ಎರಡಕ್ಕೆ ಬೆರಳು ಕುಟ್ಟು. ನಾಲ್ಕನೇ ತಂತಿ ತೆರೆದದ್ದು, ಅದರ ಎರಡನೇ ಮೆಟ್ಟಿಲು. ಕೊನೆಗೆ ತೆರೆದ ಮೂರನೇ ತಂತಿ. ಬಾಯಲ್ಲಿ ಹಾಡಿ ನೋಡಿ: ಸ ರಿ ಗ ಪ ದ ಸ. ಕೋಮಲ ಗಾಂಧಾರದ ಒಂದು ಸೋಕು ಬಿಟ್ಟರೆ ಇದು ಮೋಹನದ ಆರೋಹಣ.

ಒಟ್ಟಿಗೆ ನುಡಿಸುವಾಗ

ಮೊದಲ ಹಾಡಿಗೆ ಮೂರೇ ಸ್ವರಮೇಳ ಸಾಕು: ಜಿ, ಸಿ, ಡಿ. ಷಡ್ಜ, ಮಧ್ಯಮ, ಪಂಚಮದ ಮೇಲೆ ನಿಲ್ಲುವ ಈ ಮೂರರಲ್ಲಿ ನೂರಾರು ಹಾಡುಗಳಿವೆ. ನಿಮಿಷಕ್ಕೆ 80 ಎಣಿಕೆಯಿಂದ ಶುರು ಮಾಡಿ, ಮೊಬೈಲಿನ ಮೆಟ್ರೊನೋಮ್ ಎರಡು-ನಾಲ್ಕಕ್ಕೆ ಮಾತ್ರ ಹೊಡೆಯುವಂತೆ ಇಟ್ಟುಕೊಳ್ಳಿ. ಒಂದಕ್ಕೆ ಅದು ಹೊಡೆಯದಿದ್ದಾಗ ನಿಮ್ಮ ಲಯ ಎಲ್ಲಿ ಓಡುತ್ತದೆ ಎಂದು ತಕ್ಷಣ ಗೊತ್ತಾಗುತ್ತದೆ. ಓಡುವುದು ಸಾಮಾನ್ಯವಾಗಿ ಬ್ರೇಕ್ ಶುರುವಾಗುವ ಜಾಗದಲ್ಲಿ, ನುಡಿಸುವವರ ಉತ್ಸಾಹದಿಂದ. ಆಗ ಸೋಲೊ ನುಡಿಸುವವರನ್ನು ಹಿಂಬಾಲಿಸದೆ, ಚಾಪ್ ಇದ್ದಲ್ಲೇ ಇರಬೇಕು. ಎರಡು ವಾರಕ್ಕೆ ಹತ್ತು ಎಣಿಕೆಯಂತೆ ಏರಿಸಿದರೆ ಸಾಕು.

ಹಾಡಿನ ಕಟ್ಟು ಹೀಗಿರಲಿ: ಪಿಟೀಲಿನಿಂದ ನಾಲ್ಕು ಎಣಿಕೆಯ ಎತ್ತುಗಡೆ, ಒಂದು ನುಡಿ, ಪಲ್ಲವಿ, ಮ್ಯಾಂಡೊಲಿನ್ ಬ್ರೇಕ್, ಇನ್ನೊಂದು ನುಡಿ, ಪಲ್ಲವಿ, ಪಿಟೀಲಿನ ಬ್ರೇಕ್, ಕೊನೆಯ ಪಲ್ಲವಿ. ಮ್ಯಾಂಡೊಲಿನ್ ಬ್ರೇಕ್‌ಗೆ ಹೋದಾಗ ಚಾಪ್ ಖಾಲಿಯಾಗುತ್ತದೆ. ಅದನ್ನು ಪಿಟೀಲು ಕಮಾನಿನ ಹಿಡಿಯ ಹತ್ತಿರದ ಭಾಗದಿಂದ ತಂತಿಯ ಮೇಲೆ ಕುಟ್ಟಿ ತುಂಬಬೇಕು. ಈ ಕೈ ಬದಲಾವಣೆಯನ್ನೇ ಪ್ರತ್ಯೇಕವಾಗಿ ಇಪ್ಪತ್ತು ಸಲ ಅಭ್ಯಾಸ ಮಾಡಿ. ಹೊಸ ಮೇಳ ಕುಸಿಯುವುದು ಇಂಥ ಕೂಡುಜಾಗಗಳಲ್ಲಿ. ಬ್ರೇಕಿನಲ್ಲಿ ಒಂದು ಸ್ವರ ತಪ್ಪಿದರೆ ಯಾರೂ ಗಮನಿಸುವುದಿಲ್ಲ.

ಹಾಡುವ ಶ್ರುತಿಯನ್ನು ಮುಖ್ಯ ಹಾಡುಗಾರರಿಗೆ ಮಾತ್ರ ನೋಡಿ ಇಡಬೇಡಿ. ಟೆನರ್ ಅದಕ್ಕಿಂತ ಎರಡು ಮೂರು ಸ್ವರ ಮೇಲೆ ಹೋಗಬೇಕು. ಮುಖ್ಯ ದನಿ ಗಾಂಧಾರದಲ್ಲಿದ್ದರೆ ಟೆನರ್ ಪಂಚಮ, ಬ್ಯಾರಿಟೋನ್ ಷಡ್ಜ. ನಮ್ಮ ಸಂಗೀತದಲ್ಲಿ ಬೆಳೆದವರ ಕಿವಿ ಪಕ್ಕದವರ ಸ್ವರಕ್ಕೆ ಎಳೆದುಕೊಂಡು ಹೋಗುತ್ತದೆ. ಅದಕ್ಕೆ ಮದ್ದು: ತಂಬೂರಿ ಹಾಕಿಕೊಂಡು ಪ್ರತಿಯೊಬ್ಬರೂ ತಮ್ಮ ಸಾಲನ್ನು ಸ್ವರ ಹೇಳಿ ಒಂಟಿಯಾಗಿ ಬಾಯಿಪಾಠ ಮಾಡುವುದು, ಆಮೇಲೆ ಇಬ್ಬಿಬ್ಬರು, ಕೊನೆಗೆ ಮೂವರು. ಸಾಹಿತ್ಯ ಸೇರಿಸುವುದು ಎಲ್ಲಕ್ಕಿಂತ ಕೊನೆಗೆ. ಪದದ ಕೊನೆಯ ವ್ಯಂಜನವನ್ನು ಮೂವರೂ ಒಂದೇ ಗಳಿಗೆಯಲ್ಲಿ ಮುಚ್ಚಬೇಕು.

ಒಂದೇ ಮೈಕು ಎಂಬುದು ನೋಡಲು ಚೆಂದ, ಆದರೆ ಅದಕ್ಕೂ ಲೆಕ್ಕವಿದೆ. ದೊಡ್ಡ ಪದರದ ಕಂಡೆನ್ಸರ್ ಮೈಕು ಎದೆಯೆತ್ತರಕ್ಕಿಂತ ಸ್ವಲ್ಪ ಮೇಲಿರಲಿ. ಹಾಡುವವರು ಎರಡು ಅಡಿ ದೂರದಲ್ಲಿ ಅರ್ಧಚಂದ್ರವಾಗಿ ನಿಲ್ಲಬೇಕು. ಬ್ರೇಕ್ ನುಡಿಸುವವರು ಒಂದು ಹೆಜ್ಜೆ ಒಳಗೆ, ಮುಗಿದ ಕೂಡಲೇ ಹೊರಗೆ. ಗಿಟಾರ್ ಸದ್ದು ಎಲ್ಲಕ್ಕಿಂತ ಕಡಿಮೆ, ಅದು ಯಾವಾಗಲೂ ಹತ್ತಿರ. ಮುಂದೆ ಬ್ಯಾಂಜೊ ಸೇರಿದರೆ ಅದು ಎಲ್ಲರಿಗಿಂತ ಹಿಂದೆ. ವೇದಿಕೆಯ ಮಾನಿಟರ್ ಸ್ಪೀಕರ್ ಆರಿಸಿಬಿಡಿ. ಈ ಮೈಕು ಎಲ್ಲವನ್ನೂ ಹಿಡಿಯುವುದರಿಂದ ಮಾನಿಟರ್ ಇದ್ದರೆ ಕೂಗು ಎದ್ದೇ ಏಳುತ್ತದೆ. ಇದರಿಂದ ಒಂದು ಲಾಭವೂ ಇದೆ: ಒಬ್ಬರನ್ನೊಬ್ಬರು ಕೇಳಿಸಿಕೊಳ್ಳಬೇಕಾದರೆ ನೀವೇ ಮೆತ್ತಗೆ ನುಡಿಸಬೇಕಾಗುತ್ತದೆ.

ಬಾಸ್ ಬೇಕೆನಿಸಿದಾಗ ನಿಲುವು ಬಾಸ್ ಸಿಗದಿದ್ದರೆ ಎಲೆಕ್ಟ್ರಿಕ್ ಬಾಸ್ ನಡೆಯುತ್ತದೆ, ಸದ್ದು ತಗ್ಗಿಸಿ, ಬಲಗೈ ಅಂಗೈಯನ್ನು ಕುದುರೆಯ ಹತ್ತಿರ ಒತ್ತಿ ಸ್ವರವನ್ನು ಗಿಡ್ಡ ಮಾಡಿಕೊಂಡರೆ.

ಕೊನೆಯದಾಗಿ ವಾದ್ಯಗಳ ಕಾಳಜಿ. ಗಟ್ಟಿ ಮರದ ಗಿಟಾರ್, ಮ್ಯಾಂಡೊಲಿನ್‌ಗಳಿಗೆ ಹಿತವಾದ ತೇವಾಂಶ ಶೇ 45ರಿಂದ 55. ಮೈಸೂರಿನ ಬೇಸಿಗೆಯಲ್ಲಿ ಅದಕ್ಕಿಂತ ಒಣಗುತ್ತದೆ, ಜೂನ್ ನಂತರ ಏರುತ್ತದೆ. ಮಳೆಗಾಲದಲ್ಲಿ ಮೇಲುಹಲಗೆ ಉಬ್ಬಿ ತಂತಿ ಎತ್ತರವಾಗುತ್ತದೆ, ಒತ್ತಲು ಬೆರಳು ನೋಯುತ್ತದೆ, ಮೇಲಿನ ಮೆಟ್ಟಿಲುಗಳಲ್ಲಿ ಸ್ವರ ಏರಿ ಕೇಳಿಸುತ್ತದೆ. ಆಗ ಕತ್ತಿನೊಳಗಿನ ಸರಳು (ಟ್ರಸ್ ರಾಡ್) ತಿರುಗಿಸಲು ಹೋಗಬೇಡಿ. ಗಟ್ಟಿ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಚೀಲಗಳನ್ನಿಟ್ಟು, ಇನ್ನೂರು ಮುನ್ನೂರು ರೂಪಾಯಿಯ ತೇವಾಂಶ ಮಾಪಕವೊಂದನ್ನು ಒಳಗೆ ಹಾಕಿ, ವಾರ ಕಳೆದ ಮೇಲೆ ನೋಡಿ. ಎಷ್ಟೋ ಸಲ ಮರ ತಾನಾಗಿಯೇ ಇಳಿಯುತ್ತದೆ. ಮ್ಯಾಂಡೊಲಿನ್ ಮತ್ತು ಪಿಟೀಲಿನ ಕುದುರೆಗೆ ಅಂಟು ಇಲ್ಲ, ಅದು ನಿಂತಿರುವುದು ತಂತಿಯ ಒತ್ತಡದಿಂದ. ಆದ್ದರಿಂದ ತಂತಿ ಬದಲಿಸುವಾಗ ಎಲ್ಲವನ್ನೂ ಒಟ್ಟಿಗೆ ಬಿಚ್ಚದೆ ಒಂದು ಜೋಡಿ ತೆಗೆದು ಹಾಕಿ ಆಮೇಲೆ ಇನ್ನೊಂದು. ಕುದುರೆ ಜರುಗಿದೆಯೇ ಎಂದು ನೋಡಲು 12ನೇ ಮೆಟ್ಟಿಲಿನ ಮೇಲೆ ಬೆರಳು ಸೋಕಿಸಿ ಬರುವ ಸ್ವರವನ್ನೂ ಅದೇ ಮೆಟ್ಟಿಲನ್ನು ಒತ್ತಿ ಬರುವ ಸ್ವರವನ್ನೂ ಹೋಲಿಸಿ. ಒತ್ತಿದ್ದು ಏರಿದ್ದರೆ ಕುದುರೆಯನ್ನು ಬಾಲದ ಕಡೆಗೆ, ಇಳಿದಿದ್ದರೆ ಕತ್ತಿನ ಕಡೆಗೆ, ಕೂದಲೆಳೆಯಷ್ಟು ಜರುಗಿಸಿ.